ಮೇಲ್ಮೈ ಒರಟುತನ: ಕೃತಕ ಕಣ್ಣಿನ ಮೇಲಿನ ಕಾಣದ ಗೀರುಗಳು

ಹಳೆಯ ಹಾಲಿನ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ, ಅಲ್ವಾ? ತಿಕ್ಕಿ ತಿಕ್ಕಿ ಎದ್ದ ಗೀರುಗಳೊಳಗೆ ಅದು ಕೂತುಬಿಟ್ಟಿರುತ್ತದೆ. ಇಂಥ ಉಬ್ಬುತಗ್ಗುಗಳನ್ನು ಅಳೆದು ಹೇಳುವ ಮಾತೇ ‘ಮೇಲ್ಮೈ ಒರಟುತನ’. ಅಳೆಯುವ ಯಂತ್ರ ಪ್ರೊಫೈಲೋಮೀಟರ್. ವಜ್ರದ ಸಣ್ಣ ಮೊನೆಯೊಂದು ಮೇಲ್ಮೈ ಮೇಲೆ ಹರಿದುಹೋಗುತ್ತದೆ. ಉಬ್ಬುತಗ್ಗುಗಳು ನಡುಗೆರೆಯಿಂದ ಸರಾಸರಿ ಎಷ್ಟು ದೂರ ಇವೆ ಎಂದು ಲೆಕ್ಕ ಸಿಗುತ್ತದೆ. ಇದಕ್ಕೆ ‘ಆರ್‌ಎ’ ಎನ್ನುತ್ತಾರೆ. ಅಳತೆ ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಲ್ಲಿ.

ಕೃತಕ ಕಣ್ಣು ಎಂದರೆ ಗೋಲಿಯಂಥ ಗುಂಡು ಎಂದುಕೊಳ್ಳುವವರೇ ಜಾಸ್ತಿ. ನಿಜವಾಗಿ ಅದು ರೆಪ್ಪೆಯೊಳಗೆ ಕೂರುವ, ಚಿಪ್ಪಿನಂಥ ಅಕ್ರಿಲಿಕ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ತುಂಡು. ಮೊದಲು ಗಾಜಿನದಿತ್ತು, ಒಳ್ಳೆಯ ಗಾಜು ಜರ್ಮನಿಯಿಂದ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಅದು ನಿಂತಾಗ ಅಮೆರಿಕದ ಸೇನೆಯ ದಂತವೈದ್ಯರು ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್‌ನಲ್ಲೇ ಕಣ್ಣು ಮಾಡಿದರು.

ಒರಟುತನದ ಬಗ್ಗೆ ಹೆಚ್ಚು ಕೇಳಿಬರುವ ಅಂಕಿ ಕೂಡ ದಂತವೈದ್ಯರದ್ದೇ: 0.2 ಮೈಕ್ರಾನ್. ಅದಕ್ಕಿಂತ ಒರಟಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚು ಅಂಟುತ್ತವೆ. ಅದಕ್ಕಿಂತ ನುಣುಪು ಮಾಡಿದರೆ ಹೇಳಿಕೊಳ್ಳುವಷ್ಟು ಲಾಭವಿಲ್ಲ. ಆದರೆ ಇದು ಬಾಯಿಯ ಲೆಕ್ಕ. ಕಣ್ಣಿನಲ್ಲಿ ಕಣ್ಣೀರಿದೆ, ರೆಪ್ಪೆ ಬಡಿಯುತ್ತಿರುತ್ತದೆ. ಹಾಗಾಗಿ ಇದನ್ನು ಲಕ್ಷ್ಮಣರೇಖೆ ಎಂದುಕೊಳ್ಳುವುದು ಬೇಡ.

ಬ್ಯಾಕ್ಟೀರಿಯಾಕ್ಕೆ ಗೀರು ಯಾಕೆ ಅಷ್ಟು ಅನುಕೂಲ? ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾವಾದ ಸ್ಟ್ಯಾಫಿಲೋಕಾಕಸ್‌ನ ಗಾತ್ರ ಸುಮಾರು 1 ಮೈಕ್ರಾನ್. ನಮ್ಮ ಬೆರಳಿಗೆ ಗಾಜಿನಂತೆ ನುಣುಪಾದದ್ದು ಅದಕ್ಕೆ ಉತ್ತ ಹೊಲ. ಕಣ್ಣೀರಿನ ಪ್ರೋಟೀನ್ ಮೊದಲು ಚಿಪ್ಪಿಗೆ ಮೆತ್ತಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಅದರ ಮೇಲೆ ಕೂರುತ್ತವೆ. ಬಯಲಲ್ಲಿ ಕೂತಿದ್ದನ್ನು ರೆಪ್ಪೆ ಒರೆಸಿಬಿಡುತ್ತದೆ, ಸಾಲಿನೊಳಗೆ ಕೂತಿದ್ದು ಬಚಾವ್. ಆಮೇಲೆ ಅವು ಲೋಳೆಯಂಥ ಹೊದಿಕೆ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಅಲ್ಲಿಗೆ ಔಷಧಿಯ ಹನಿಗೂ ಅವು ಸುಲಭಕ್ಕೆ ಬಗ್ಗುವುದಿಲ್ಲ.

ಈ ‘ಆರ್‌ಎ’ಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಅದು ಬರೀ ಸರಾಸರಿ. ನುಣುಪಾದ ಚಿಪ್ಪಿನಲ್ಲಿ ಒಂದೇ ಒಂದು ಆಳದ ಗೀರಿದ್ದರೆ ಸರಾಸರಿ ಅಷ್ಟೇನೂ ಅಲುಗುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಮಾತ್ರ ಅದೊಂದೇ ಸಾಕು.

ಗೀರು ಬೀಳುವುದು ಎಷ್ಟೋ ಸಲ ಮನೆಯಲ್ಲೇ. ಟೂತ್‌ಪೇಸ್ಟ್ ಹಾಕಿ ಉಜ್ಜುವುದು, ಒರಟು ಬಟ್ಟೆಯಲ್ಲಿ ಒರೆಸುವುದು. ಸ್ಪಿರಿಟ್ ಹಾಕಿದರಂತೂ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳೇ ಏಳಬಹುದು. ಬೆರಳ ತುದಿ, ಮೃದು ಸೋಪು, ನೀರು ಸಾಕು. ಸುಮ್ನೆ ಪದೇಪದೇ ತೆಗೆದು ಹಾಕುವುದೂ ಬೇಡ. ಕಣ್ಣು ಮಾಡಿಕೊಟ್ಟವರ ಹತ್ತಿರ ವರ್ಷಕ್ಕೊಮ್ಮೆಯಾದರೂ ಪಾಲಿಶ್ ಮಾಡಿಸಬೇಕು. ಪ್ಯೂಮಿಸ್ ಕಲ್ಲಿನ ಪುಡಿಯಲ್ಲಿ ಉಜ್ಜಿ, ಆಮೇಲೆ ಇನ್ನೂ ನುಣ್ಣನೆಯ ಪೇಸ್ಟಿನಿಂದ ಹೊಳಪು ಕೊಡುತ್ತಾರೆ. ಕನ್ನಡಿಯಲ್ಲಿ ಕಾಣದ ಹಿಂಬದಿಗೂ ಅಷ್ಟೇ ಹೊಳಪು ಬೇಕು.