ಹಾಲು ಹಾಕಿದ ಕಾಪಿ, ಹಾಲಿಲ್ಲದ ಕಾಪಿ

‘ಒಂದ್ ಲೋಟ ಕಾಪಿ ಕುಡುದ್ರೆ ಏನಾದದು?’ ಆಪರೇಷನ್ ದಿನ ಬೆಳಿಗ್ಗೆ ಮಂಡ್ಯ ಸೀಮೆಯ ವಾರ್ಡುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹಾಲಿನಲ್ಲಿದೆ. ಬರೀ ಡಿಕಾಕ್ಷನ್, ನೀರು, ಗಂಜಿ ತೆಗೆದ ಎಳನೀರಿಗೆ, ಅರಿವಳಿಕೆ (ಅನಸ್ತೇಷಿಯಾ) ಕೊಡುವ ಮುಂಚೆ 2 ಗಂಟೆಯ ಅಂತರ ಸಾಕು. ಹಾಲಿನ ಕಥೆಯೇ ಬೇರೆ. ಜಠರದ ಆಮ್ಲ ತಗಲಿದೊಡನೆ ಅದು ನಿಂಬೆಹುಳಿ ಹಿಂಡಿದಂತೆ ಒಡೆದು ಗರಣೆಗಟ್ಟುತ್ತದೆ. ಲೋಟದಲ್ಲಿ ನೀರಾಗಿದ್ದದ್ದು ಹೊಟ್ಟೆಯಲ್ಲಿ ಗಟ್ಟಿ. ಹಾಗಾಗಿ ಹಾಲಿನ ಕಾಪಿಗೂ ಇಡ್ಲಿಯಂತೆ 6 ಗಂಟೆ. ಕರಿದ ಮದ್ದೂರು ವಡೆಗೆ 8. ಮಗುವಿನ ಎದೆಹಾಲಿಗೆ 4. ಬೆಟ್ಟದಿಂದ ತಂದ ಪಂಚಾಮೃತವೂ ಹಾಲೇ, ದೇವರ ಹೆಸರಿಗೆ ಆಮ್ಲ ರಿಯಾಯಿತಿ ಕೊಡುವುದಿಲ್ಲ.

ಜಠರದ ಮೇಲ್ಬಾಯಿಯಲ್ಲಿ ಸ್ನಾಯುವಿನ ಬಿಗಿಯಾದ ಬಳೆಯೊಂದಿದೆ, ಕನ್ನಂಬಾಡಿ ಕಟ್ಟೆಯ ಗೇಟಿನ ಹಾಗೆ. ಮೇಲೆ, ಅನ್ನನಾಳ ಮತ್ತು ಶ್ವಾಸನಾಳ ಕವಲೊಡೆಯುವ ಕಡೆ, ಕೆಮ್ಮು ಎಂಬ ಕಾವಲುಗಾರ. ಅರಿವಳಿಕೆ ಗೇಟನ್ನು ಸಡಿಲಿಸುತ್ತದೆ, ಕಾವಲುಗಾರನನ್ನೂ ಮಲಗಿಸುತ್ತದೆ. ಆಗ ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ತುಣುಕು ಸಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು. ಆಮ್ಲವಾದರೆ ಗಾಳಿಚೀಲಗಳನ್ನು ಸುಡುತ್ತದೆ. ಸಾವಾದಾಗ ಜನ ‘ಡೋಸ್ ಜಾಸ್ತಿಯಾಯ್ತು’, ‘ಗಳಿಗೆ ಚೆನ್ನಾಗಿರಲಿಲ್ಲ’ ಅನ್ನುತ್ತಾರೆ. ಗಳಿಗೆಗಿಂತ ಗಡಿಯಾರ ನೋಡಬೇಕಿತ್ತು.

ಈ ಎರಡು ಬಗೆಯನ್ನು ಬೇರ್ಪಡಿಸಿ ತೋರಿಸಿದವರು ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್. 1946ರಲ್ಲಿ ಅವರು ಪ್ರಕಟಿಸಿದ 44,016 ಬಸುರಿಯರ ಲೆಕ್ಕದಲ್ಲಿ 66 ಮಂದಿಗೆ ಹೀಗಾಗಿತ್ತು. ಸತ್ತ ಇಬ್ಬರೂ ಗಟ್ಟಿ ಆಹಾರದಿಂದ ಉಸಿರುಕಟ್ಟಿದವರು.

ಹಾಗೆಂದು ಹಿಂದಿನ ರಾತ್ರಿಯಿಂದ ನೀರನ್ನೂ ಕೊಡದಿರುವುದು ಅತಿರೇಕ. ಬಾಯೊಣಗಿ, ರಕ್ತನಾಳ ಸಿಗದೆ, ಮಗುವಾದರೆ ಸಕ್ಕರೆಯಂಶ ಇಳಿದು, ತೊಂದರೆ ಹೆಚ್ಚುತ್ತದೆ. ಇನ್ನು ‘ಬೆನ್ನಿಗೆ ಇಂಜೆಕ್ಷನ್ ತಾನೇ, ತಿಂದರೇನು’ ಎಂಬುದೂ ತಪ್ಪು. ಅದು ಹಿಡಿಯದಿದ್ದರೆ ಪೂರ್ತಿ ಅರಿವಳಿಕೆಯೇ ಗತಿ.

ವಾಂತಿ ಮೇಲೆ ಬಂದದ್ದು ಕಂಡರೆ ಮೊದಲು ಟೇಬಲ್ಲಿನ ತಲೆಭಾಗ ತಗ್ಗಿಸಿ, ತಲೆ ಪಕ್ಕಕ್ಕೆ ತಿರುಗಿಸಿ, ಸಕ್ಷನ್ ಎಂಬ ಹೀರುವ ಕೊಳವೆಯಿಂದ ಬಾಯಿ, ಗಂಟಲಿನಲ್ಲಿರುವುದನ್ನು ಎಳೆದು ತೆಗೆಯಬೇಕು. ಅದಕ್ಕೂ ಮುಂಚೆ ಉಸಿರು ಕೊಡುವ ಬ್ಯಾಗ್ ಒತ್ತಿದರೆ ಗಾಳಿಯೇ ಅದನ್ನು ಒಳಕ್ಕೆ ತಳ್ಳುತ್ತದೆ.

ಕಷ್ಟವಿರುವುದು ಅಪಘಾತದಲ್ಲಿ. ಮುದ್ದೆ, ಬಸ್ಸಾರು ಉಂಡು ಬೈಕ್ ಹತ್ತಿದವನು ಬಿದ್ದ ಕ್ಷಣದಿಂದ ನೋವು, ಭಯಕ್ಕೆ ಜಠರ ನಿಧಾನವಾಗುತ್ತದೆ. 8 ಗಂಟೆ ಕಳೆದರೂ ಹೊಟ್ಟೆ ತುಂಬಿದೆಯೆಂದೇ ಎಣಿಸಬೇಕು. ಅಂಥವರಿಗೆ 3 ನಿಮಿಷ ಆಮ್ಲಜನಕ ಕೊಟ್ಟು, ಬೇಗ ಹಿಡಿಯುವ ಅರಿವಳಿಕೆಯ ಔಷಧಿ ಹಾಕಿ, ನಡುವೆ ಬ್ಯಾಗ್ ಒತ್ತದೆ, ಸುಮಾರು ಒಂದು ನಿಮಿಷದಲ್ಲಿ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ, ಅದರ ಸುತ್ತಲಿನ ಬಲೂನು ಊದಿ ದಾರಿ ಮುಚ್ಚುತ್ತಾರೆ.