ಕಾರ್ಡು ಎಷ್ಟು ಅಚ್ಚು ಹಾಕಬೇಕು?

ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಹತ್ತಿರದ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಅಕ್ಕನ ಮಗ ಹೋದ ತಿಂಗಳು ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡಿನ ಡಬ್ಬಿ ಕೊಂಡ. ಪ್ಲಾಸ್ಟಿಕ್ ಕಾರ್ಡು, ಬೆಳಕಿಗೆ ಹಿಡಿದರೆ ಜರಿ ಸೀರೆಯ ಸೆರಗಿನ ಹಾಗೆ ಮಿನುಗುತ್ತವೆ. ಒಂದೇ ಡಬ್ಬಿಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಥರದ ಚಾರಿಜಾರ್ಡ್ ಮೂರು! "ಮಾಮ, ಇದು ತುಂಬಾ ರೇರ್ ಅಂತೆ" ಅಂದ. "ಮೂರು ಸಿಕ್ಕಿದ ಮೇಲೆ ಅದೆಂತ ರೇರ್ ಮಾರಾಯ?" ಅಂದೆ. ಮುಖ ಸಪ್ಪೆ ಮಾಡಿಕೊಂಡ.

ಕಾರ್ಡ್ ಕಂಪನಿಗಳನ್ನು ಮೂವತ್ತು ವರ್ಷದಿಂದ ಕಾಡುತ್ತಿರುವುದೂ ಇದೇ ಪ್ರಶ್ನೆ. ಕಡಿಮೆ ಅಚ್ಚು ಹಾಕಿದರೆ ಆಡುವವರಿಗೆ ಸಿಗುವುದಿಲ್ಲ. ಜಾಸ್ತಿ ಹಾಕಿದರೆ ಕೂಡಿಡುವವರು ಬೈಯುತ್ತಾರೆ.

ಶುರುವಾಗಿದ್ದು 1991ರಲ್ಲಿ, ಅಮೆರಿಕದಲ್ಲಿ. ಗಣಿತ ಓದಿದ್ದ ರಿಚರ್ಡ್ ಗಾರ್ಫೀಲ್ಡ್ ತಾನು ಮಾಡಿದ ಒಂದು ಬೋರ್ಡ್ ಆಟ ಹಿಡಿದುಕೊಂಡು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿಗೆ ಹೋದರು. ಅದನ್ನು ಅಚ್ಚು ಹಾಕಿಸುವಷ್ಟು ದುಡ್ಡು ಕಂಪನಿಯ ಪೀಟರ್ ಆಡ್ಕಿಸನ್ ಹತ್ತಿರ ಇರಲಿಲ್ಲ. ಜೇಬಲ್ಲಿ ಹಿಡಿಯುವ, ಖರ್ಚು ಕಡಿಮೆಯ ಆಟ ಇದ್ದರೆ ಕೊಡಿ ಎಂದರು. ಹಾಗೆ 1993ರಲ್ಲಿ ಬಂದಿದ್ದು ಮ್ಯಾಜಿಕ್: ದಿ ಗ್ಯಾದರಿಂಗ್, ಕಾರ್ಡು ಕೊಂಡು ಕೂಡಿಸಿಕೊಂಡು ಆಡುವ ಆಟ. ಆಗ ಒಂದು ಪ್ಯಾಕೆಟ್‌ನಲ್ಲಿ 15 ಕಾರ್ಡು, ಅದರಲ್ಲಿ ರೇರ್ ಒಂದೇ. ಯಾವುದು ಅಂತ ಒಡೆಯುವ ತನಕ ಗೊತ್ತಾಗುವುದಿಲ್ಲ. ಮೊದಲ ಮುದ್ರಣದಲ್ಲಿ ಪ್ರತಿ ರೇರ್ ಕಾರ್ಡು ಸುಮಾರು 1,100 ಮಾತ್ರ. ನೋಡನೋಡುತ್ತಲೇ ಖಾಲಿ.

ಮುಂದೆ ಆಗಿದ್ದು ನಮ್ಮ ಕಡೆ ಯೂರಿಯಾ ಅಂಗಡಿ ಮುಂದೆ ಆಗುವುದೇ. ಸಿಗುವುದಿಲ್ಲ ಅಂತ ಗೊತ್ತಾದಾಗ ಎರಡು ಚೀಲ ಬೇಕಾದವರು ಆರು ಕೇಳುತ್ತಾರಲ್ಲ, ಹಾಗೇ ಅಲ್ಲಿನ ಅಂಗಡಿಯವರು, ಕಂಪನಿ ಹೇಗೂ ಕಡಿತ ಮಾಡಿ ಕೊಡುತ್ತದೆ ಅಂತ, ಬೇಕಿದ್ದಕ್ಕಿಂತ ಎಷ್ಟೋ ಜಾಸ್ತಿ ಆರ್ಡರ್ ಹಾಕಿದರು. 1994ರ ಕೊನೆಯಲ್ಲಿ ಫಾಲನ್ ಎಂಪೈರ್ಸ್ ಎಂಬ ಸೆಟ್ (ಹೊಸ ಕಾರ್ಡುಗಳ ಒಂದು ಕಂತು) ಬಂದಾಗ ಕಂಪನಿ ಕೇಳಿದಷ್ಟನ್ನೂ ಕಳಿಸಿಬಿಟ್ಟಿತು! ಮಾಲು ಕಪಾಟಿನಲ್ಲೇ ಕೊಳೆಯಿತು.

1995ರಲ್ಲಿ ಇನ್ನೊಂದು ಏಟು. ಹಳೇ ಕಾರ್ಡು ಸಿಗದೆ ಒದ್ದಾಡುತ್ತಿದ್ದ ಹೊಸ ಆಟಗಾರರಿಗಾಗಿ ಕ್ರಾನಿಕಲ್ಸ್ ಹೆಸರಲ್ಲಿ ಅವನ್ನೇ ಮತ್ತೆ ಅಚ್ಚು ಹಾಕಿದರು. ದುಡ್ಡು ಸುರಿದು ಕೂಡಿಟ್ಟವರ ಕಾರ್ಡಿನ ಬೆಲೆ ಬಿದ್ದಿತು. ಗಲಾಟೆ ತಡೆಯಲಾರದೆ ಕಂಪನಿ 1996ರಲ್ಲಿ ಒಂದು ಪಟ್ಟಿ ಹೊರಡಿಸಿತು: ಇವಿಷ್ಟನ್ನು ಇನ್ನು ಮುಂದೆ ಮುದ್ರಿಸುವುದೇ ಇಲ್ಲ. ಆ ಪಟ್ಟಿಯನ್ನು ಇಂದಿಗೂ ಕೈಬಿಟ್ಟಿಲ್ಲ. ಪಟ್ಟಿಯಲ್ಲಿರುವ ಬ್ಲ್ಯಾಕ್ ಲೋಟಸ್ ಎಂಬ ಕಾರ್ಡಿನ ಮೊದಲ ಮುದ್ರಣದ ಒಂದು ಪ್ರತಿ 2021ರಲ್ಲಿ 5,11,100 ಡಾಲರ್‌ಗೆ ಹರಾಜಾಯಿತು. ಅದರಲ್ಲಿ ಕಂಪನಿಗೆ ಬಂದಿದ್ದು ಮಾತ್ರ ಸೊನ್ನೆ.

ಪೂರೈಕೆ ಜಾಸ್ತಿಯಾದರೆ ಬೆಲೆ ಬೀಳುತ್ತದೆ ಅನ್ನೋದನ್ನು ಕಾಫಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬಿದ್ದು ಬೆಲೆ ಕುಸಿಯಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಹೊಡೆದಾಗ ಇಲ್ಲಿ ರೇಟು ಏರಿತು. ಆದರೆ ಕಾಫಿ ಕುಡಿದರೆ ಮುಗಿಯಿತು, ನಾಳೆ ಮತ್ತೆ ಬೇಕು. ಕಾರ್ಡು ಮುಗಿಯುವ ಮಾಲಲ್ಲ. ಹೋದ ವರ್ಷ ಮಾರಿದ್ದೇ ಈ ವರ್ಷದ ಮಾಲಿಗೆ ಪೈಪೋಟಿ.

ಇದಕ್ಕೆ ವಿಝರ್ಡ್ಸ್ 1995ರಲ್ಲಿ ಕಂಡುಕೊಂಡ ಉಪಾಯವೇ ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಣತನದ್ದು. ಟೂರ್ನಮೆಂಟ್‌ಗಳನ್ನು ಎರಡು ಬಗೆ ಮಾಡಿದರು. ಒಂದರಲ್ಲಿ ಹಳೇ ಕಾರ್ಡೂ ನಡೆಯುತ್ತದೆ. ಇನ್ನೊಂದರಲ್ಲಿ ಇತ್ತೀಚಿನ ಸೆಟ್‌ಗಳು ಮಾತ್ರ, ಅದೂ ಕೆಲವು ಕಾಲದ ಮೇಲೆ ಹೊರಗೆ. ಹೊಸಬರಿಗೆ ದುಬಾರಿ ಹಳೇ ಕಾರ್ಡಿನ ಹಂಗಿಲ್ಲ, ಕಂಪನಿಗೆ ವರ್ಷ ವರ್ಷ ವ್ಯಾಪಾರ. ಕಾರ್ಡು ಸವೆಯದಿದ್ದರೇನು, ನಿಯಮವೇ ಅದನ್ನು ಹಳತು ಮಾಡುತ್ತದೆ. ಇದು ಸುಲಿಗೆ ಅಲ್ವಾ ಅಂತ ಕೇಳಿದರೆ, ಸ್ವಲ್ಪ ಹೌದು.

1999ರಲ್ಲಿ ಅಮೆರಿಕದಲ್ಲಿ ಪೋಕೆಮಾನ್ ಕಾರ್ಡು ಹೊರತಂದಿದ್ದೂ ಇದೇ ಕಂಪನಿ. ಅದೇ ವರ್ಷ ಆಟಿಕೆ ಕಂಪನಿ ಹ್ಯಾಸ್ಬ್ರೋ ವಿಝರ್ಡ್ಸನ್ನೇ ಸುಮಾರು 32.5 ಕೋಟಿ ಡಾಲರ್‌ಗೆ ಕೊಂಡಿತು. 2003ರಲ್ಲಿ ಪೋಕೆಮಾನ್ ಕೈಬಿಟ್ಟು ಹೋಯಿತು, ಮ್ಯಾಜಿಕ್ ಉಳಿಯಿತು. 2022ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಮತ್ತೆ ಹಳೇ ದೂರನ್ನೇ ಎತ್ತಿತು: ಮ್ಯಾಜಿಕ್ ಕಾರ್ಡು ಅತಿಯಾಗಿ ಅಚ್ಚಾಗುತ್ತಿದೆ. ಹ್ಯಾಸ್ಬ್ರೋ ಷೇರಿನ ರೇಟಿಂಗ್ ಇಳಿಸಿಯೇಬಿಟ್ಟರು.

ಅದೇ ವರ್ಷ ಮ್ಯಾಜಿಕ್‌ನ 30ನೇ ವರ್ಷದ ನೆನಪಿಗೆ ಅಂತ ಬ್ಲ್ಯಾಕ್ ಲೋಟಸ್ ಕೂಡ ಸಿಗಬಹುದಾದ ಪ್ಯಾಕೆಟ್ ಮಾಡಿ, ನಾಲ್ಕು ಪ್ಯಾಕೆಟ್‌ಗೆ 999 ಡಾಲರ್‌ನಂತೆ ಮಾರಿದ್ದರು. ಕೊಟ್ಟ ಮಾತು ಮೀರಬಾರದಲ್ಲ, ಅದಕ್ಕೆ ಕಾರ್ಡಿನ ಬೆನ್ನಿನ ವಿನ್ಯಾಸ ಬೇರೆ, ಟೂರ್ನಮೆಂಟ್‌ನಲ್ಲಿ ಆಡುವ ಹಾಗಿಲ್ಲ. ಅಕ್ಕನ ಮಗನ ಚಿನ್ನದ ಚಾರಿಜಾರ್ಡ್ ನಕಲಿ, ಅದನ್ನೂ ಯಾವ ಟೂರ್ನಮೆಂಟ್‌ನಲ್ಲೂ ಆಡಲು ಬಿಡುವುದಿಲ್ಲ. ಅವನು ಕೊಟ್ಟಿದ್ದು ಡಬ್ಬಿಗೆ ನೂರೈವತ್ತು ರೂಪಾಯಿ. ಮೂರರಲ್ಲಿ ಒಂದನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟು ಒಂದು ಟೆನಿಸ್ ಬಾಲ್ ಈಸಿಕೊಂಡು ಬಂದಿದ್ದಾನೆ.