ವೇಗವೆಂಬ ಇಡುಗಂಟು

ಕಳೆದ ವಾರ ನನ್ನ ಬಳಿ ತರಬೇತಿ ಪಡೆಯುವ ಹುಡುಗಿಯೊಬ್ಬಳನ್ನು ಮೊದಲ ಬಾರಿಗೆ 400 ಮೀಟರ್ ಹರ್ಡಲ್ಸ್, ಅಂದರೆ ತಡೆಗಳನ್ನು ಹಾರಿ ದಾಟುತ್ತಾ ಓಡುವ ಓಟದ ಅಭ್ಯಾಸಕ್ಕೆ ಇಳಿಸಿದೆ. ನೂರು ಮೀಟರಿನಲ್ಲಿ ಬಾಣದಂತೆ ಹೋಗುವವಳು. ಓಟದ ಶುರುವಿಗೆ ಕಾಲೂರುವ ಬ್ಲಾಕಿನಿಂದ ಚಿಮ್ಮಿ ಮೂವತ್ತು ಮೀಟರ್ ಚೆಂದವಾಗಿಯೇ ಓಡಿದಳು. ಹರ್ಡಲ್ ಹತ್ತಿರವಾಗುತ್ತಿದ್ದಂತೆ ಹೆಜ್ಜೆಗಳು ಗಿಡ್ಡವಾದವು. ಎರಡು ಪುಟ್ಟ ಹೆಜ್ಜೆ ತಡವರಿಸಿ, ಯಾವ ಕಾಲು ಮುಂದಿಡಬೇಕೆಂದು ತಿಳಿಯದೆ ನೆಟ್ಟಗೆ ಮೇಲಕ್ಕೆ ಹಾರಿದಳು. “ಸರ್, ನಾನು ನೂರು ಮೀಟರ್ ಓಟಗಾರ್ತಿ, ಇದು ನನ್ನದಲ್ಲ” ಎಂದಳು. ಆಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರಷ್ಯಾದ ಓಟಗಾರ್ತಿ ಇರಿನಾ ಪ್ರಿವಲೋವಾ ಅವರ ವಿಷಯ ಹೇಳಿದೆ.

1968ರಲ್ಲಿ ಹುಟ್ಟಿದ ಪ್ರಿವಲೋವಾ 1991ರಲ್ಲಿ ಸೆವಿಲ್‌ನ ವಿಶ್ವ ಒಳಾಂಗಣ ಕೂಟದಲ್ಲಿ 60 ಮೀಟರ್ ಓಟ ಗೆದ್ದರು. ಆಗ ಅವರ ಎದೆಯ ಮೇಲಿದ್ದದ್ದು ಸೋವಿಯತ್ ಒಕ್ಕೂಟದ ಹೆಸರು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್ ಹೊತ್ತಿಗೆ ಆ ದೇಶವೇ ಇರಲಿಲ್ಲ. ಹಿಂದಿನ ಸೋವಿಯತ್ ಗಣರಾಜ್ಯಗಳು ಸೇರಿ ಕಳಿಸಿದ ಏಕೀಕೃತ ತಂಡದ ಪರವಾಗಿ ಓಡಿ 100 ಮೀಟರಿನಲ್ಲಿ ಕಂಚು ಪಡೆದರು. ಗೆದ್ದ ಅಮೆರಿಕದ ಗೇಲ್ ಡೀವರ್ಸ್ 10.82, ಎರಡನೆಯ ಜೂಲಿಯೆಟ್ ಕತ್‌ಬರ್ಟ್ 10.83, ಪ್ರಿವಲೋವಾ 10.84 ಸೆಕೆಂಡ್. ಅಷ್ಟು ಅಂತರ ಬರಿಗಣ್ಣಿಗೆ ಕಾಣುವುದೇ ಇಲ್ಲ. 1993ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅದೇ ಡೀವರ್ಸ್ ಎದುರು 4x100 ರಿಲೇಯ ಕೊನೆಯ ನೂರು ಮೀಟರ್ ಓಡಿದರು. ಎರಡೂ ತಂಡಗಳ ಸಮಯ 41.49. ಗೆರೆ ಮುಟ್ಟಿದ ಕ್ಷಣದ ಫೋಟೊ ನೋಡಿ ಚಿನ್ನವನ್ನು ರಷ್ಯಾಕ್ಕೆ ಕೊಟ್ಟರು.

ಆದರೆ ತರಬೇತುದಾರನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದೇ ಒಂದು ಸಂಗತಿ. ವಿಶ್ವ ಒಳಾಂಗಣ ಕೂಟಗಳಲ್ಲಿ ಅವರು 1991ರಲ್ಲಿ 60 ಮೀಟರ್, 1993ರಲ್ಲಿ 200 ಮೀಟರ್, 1995ರಲ್ಲಿ 400 ಮೀಟರ್ ಗೆದ್ದರು. ಈ ಮೂರು ಓಟಗಳಿಗೆ ಬೇಕಾದ ದೇಹಸಿದ್ಧತೆ ಮೂರು ಬಗೆಯದು. 60 ಮೀಟರ್ ಎಂದರೆ ಹೆಚ್ಚುಕಡಿಮೆ ಒಂದೇ ಉಸಿರಿನ ಸಿಡಿತ. 400 ಮೀಟರಿನ ಕೊನೆಯ ನೇರದಲ್ಲಿ ಕಾಲು ಕಲ್ಲಾಗಿರುತ್ತದೆ, ತೋಳು ಮೇಲೇಳುವುದಿಲ್ಲ. ಹೀಗಿದ್ದೂ ಅವರು ಒಂದಕ್ಕಾಗಿ ಇನ್ನೊಂದನ್ನು ಕಳೆದುಕೊಳ್ಳಲಿಲ್ಲ. 400 ಮೀಟರ್ ಚಿನ್ನ ಗೆದ್ದ 1995ರ ಅದೇ ಚಳಿಗಾಲದಲ್ಲಿ ಮ್ಯಾಡ್ರಿಡ್‌ನಲ್ಲಿ 60 ಮೀಟರನ್ನು 6.92 ಸೆಕೆಂಡಿನಲ್ಲಿ ಓಡಿ, ಎರಡು ವರ್ಷ ಹಿಂದೆ ಅಲ್ಲೇ ಬರೆದಿದ್ದ ತಮ್ಮದೇ ವಿಶ್ವದಾಖಲೆಯನ್ನು ಸರಿಗಟ್ಟಿದರು.

ಇದು ಹೇಗೆ ಸಾಧ್ಯ? ನಾನು ಹುಡುಗಿಯರಿಗೆ ಹೇಳುವುದು ಇಡುಗಂಟಿನ ಲೆಕ್ಕ. ಪ್ರಿವಲೋವಾ ಅವರ 100 ಮೀಟರ್ ಶ್ರೇಷ್ಠ ಸಮಯ 10.77. ಅಂದರೆ ಸರಾಸರಿ ಸೆಕೆಂಡಿಗೆ ಸುಮಾರು 9.29 ಮೀಟರ್. 400 ಮೀಟರ್ ಹರ್ಡಲ್ಸನ್ನು 53 ಸೆಕೆಂಡಿನಲ್ಲಿ ಮುಗಿಸಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 7.55 ಮೀಟರ್, ಅವರ ನೂರು ಮೀಟರ್ ವೇಗದ ಶೇ 81ರಷ್ಟು. ನೂರು ಮೀಟರಿಗೆ 11.8 ಸೆಕೆಂಡ್ ತೆಗೆದುಕೊಳ್ಳುವವಳು ಅದೇ ವೇಗದಲ್ಲಿ ಓಡಬೇಕಾದರೆ ತನ್ನ ವೇಗದ ಶೇ 89ರಷ್ಟನ್ನು ಹಿಂಡಬೇಕು. ಒಬ್ಬಳು ಬಡ್ಡಿಯಲ್ಲಿ ಬದುಕುತ್ತಾಳೆ, ಇನ್ನೊಬ್ಬಳು ಅಸಲನ್ನೇ ತಿನ್ನುತ್ತಾಳೆ. ಇಡುಗಂಟು ದೊಡ್ಡದಿದ್ದರೂ ದೂರದ ಓಟದ ಸಹನೆಯನ್ನು ಬೇರೆಯಾಗಿ ಬೆವರು ಹರಿಸಿಯೇ ಗಳಿಸಬೇಕು. ಅವರು ಅದನ್ನು ಮೊದಲೇ ಗಳಿಸಿದ್ದರು: 1993ರಲ್ಲೇ 400 ಮೀಟರನ್ನು 49.89ಕ್ಕೆ ಓಡಿದ್ದರು.

2000ದಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅವರು 400 ಮೀಟರ್ ಹರ್ಡಲ್ಸ್‌ಗೆ ಇಳಿದರು. ಸ್ಪರ್ಧಿಸಲು ತೊಡಗಿದ್ದು ಅದೇ ವರ್ಷ. ಅದೇ ಸೆಪ್ಟೆಂಬರಿನಲ್ಲಿ ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿ 53.02 ಸೆಕೆಂಡಿಗೆ ಚಿನ್ನ ಗೆದ್ದರು. ಹಿಂದಿನ ಒಲಿಂಪಿಕ್ ಚಾಂಪಿಯನ್ ಜಮೈಕಾದ ಡಿಯಾನ್ ಹೆಮಿಂಗ್ಸ್‌ ಎರಡನೆಯವರಾದರು.

ಹರ್ಡಲ್ಸ್ ಕಲಿಸುವವರಿಗೆ ಇದು ನಂಬಲು ಕಷ್ಟ. ಹೆಂಗಸರ ಈ ಓಟದಲ್ಲಿ ಹರ್ಡಲ್ ಎತ್ತರ 76.2 ಸೆಂಟಿಮೀಟರ್ ಮಾತ್ರ. ಎತ್ತರ ಯಾರನ್ನೂ ಸೋಲಿಸುವುದಿಲ್ಲ, ಸೋಲಿಸುವುದು ಹೆಜ್ಜೆ. ಮೊದಲ ಹರ್ಡಲ್‌ಗೆ 45 ಮೀಟರ್, ಆಮೇಲೆ ಒಂದೊಂದರ ನಡುವೆ 35 ಮೀಟರ್. ಆ 35 ಮೀಟರಿಗೆ 15 ಹೆಜ್ಜೆ ಹಾಕಿದರೆ ಪ್ರತಿ ಸಲವೂ ಒಂದೇ ಕಾಲು ಮುಂದೆ ಬರುತ್ತದೆ. ದಣಿದು 16 ಆಯಿತೋ, ಇನ್ನೊಂದು ಕಾಲು ಮುಂದಿಟ್ಟು ದಾಟುವುದನ್ನು ಕಲಿತಿರಬೇಕು. ಕಲಿತಿಲ್ಲದವಳು ತಡವರಿಸುತ್ತಾಳೆ, ಆ ತಡವರಿಕೆಯಲ್ಲೇ ಪದಕ ಕೈಜಾರುತ್ತದೆ. ನಮ್ಮ ಪಿ.ಟಿ. ಉಷಾ ಕೂಡ ವೇಗದ ಓಟದಿಂದಲೇ ಈ ಸ್ಪರ್ಧೆಗೆ ಬಂದವರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 55.42ಕ್ಕೆ ನಾಲ್ಕನೆಯವರಾದರು, ಕಂಚು 55.41ಕ್ಕೆ ಹೋಯಿತು. ಆ ನೂರನೇ ಒಂದು ಸೆಕೆಂಡ್ ನೆನೆದಾಗ ನನಗೆ ಇಂದಿಗೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಹನ್ನೆರಡು, ಹದಿಮೂರು ವಯಸ್ಸಿಗೇ ಮಕ್ಕಳ ಹಣೆಯ ಮೇಲೆ “ನೂರು ಮೀಟರ್” ಎಂದು ಬರೆದುಬಿಡುವ ತರಬೇತುದಾರರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡಿದ್ದೇನೆ. ಹಾಗೆ ಬರೆಸಿಕೊಂಡ ಇಬ್ಬರು ಹುಡುಗಿಯರು ನೂರರಲ್ಲಿ ಸಮಯ ಇಳಿಯದೆ ಬೇಸತ್ತು ಮೈದಾನವನ್ನೇ ಬಿಟ್ಟುಹೋದರು.

ಮೊನ್ನೆಯ ಹುಡುಗಿಯ ಹೆಜ್ಜೆ ಎಣಿಸಿದಾಗ ಮೊದಲ ಹರ್ಡಲ್‌ಗೆ ಇಪ್ಪತ್ಮೂರು ಬಂತು. ಲೆಕ್ಕ ಸರಿಯಾಗಿತ್ತು, ಕಾಲು ತಪ್ಪಾಗಿತ್ತು. ಮರುದಿನ ಬ್ಲಾಕಿನಲ್ಲಿ ಅವಳ ಹಿಂದಿನ ಕಾಲನ್ನು ಮುಂದಕ್ಕೆ ತಂದೆವು, ಹರ್ಡಲ್‌ಗೆ ಎರಡು ಮೀಟರ್ ಮುಂಚೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆವು. ಆರನೆಯ ಪ್ರಯತ್ನದಲ್ಲಿ ಪಾದ ಸರಿಯಾಗಿ ಗೆರೆಯ ಮೇಲೆ ಬಿತ್ತು. ಹರ್ಡಲ್ ಅಲುಗಲೂ ಇಲ್ಲ. ಈ ವಾರ ಎರಡನೆಯದನ್ನು ಇಡುತ್ತೇವೆ.